ಎಲ್ಲಿ ನಿಲ್ಲಬೇಕು, ಎಷ್ಟು ನಿಲ್ಲಬೇಕು

ಕೆಲವರಿಗೆ ಪದಬಂಧ, ಕೆಲವರಿಗೆ ಸುಡೊಕು. ನನಗೆ ಇಂಗ್ಲಿಷ್ ವಾಕ್ಯದೊಳಗೆ ಕಾಮಾ, ಸೆಮಿಕೋಲನ್‌ಗಳನ್ನು ಅವುಗಳ ಜಾಗದಲ್ಲಿ ಕೂರಿಸುವ ಚಟ. ಮದುವೆಯ ಕರೆಯೋಲೆಯಿರಲಿ, ನೆಂಟರ ಮಗನ ಕೆಲಸದ ಅರ್ಜಿಯಿರಲಿ, ಕಣ್ಣಿಗೆ ಬಿದ್ದರೆ ಸಾಕು, ಕೈ ಪೆನ್ಸಿಲ್ ಹುಡುಕುತ್ತದೆ. ‘ನಿಮಗೆ ಬೇರೆ ಕೆಲಸ ಇಲ್ಲವಾ?’ ಎಂದು ಮನೆಯವರು ಕೇಳುತ್ತಾರೆ. ಇದೆ, ಇಷ್ಟು ರುಚಿಯಾದದ್ದು ಇಲ್ಲ.

‘ಮಳೆ ಬಂತು, ಮನೆಯಲ್ಲೇ ಕೂತೆವು’ ಎಂದರೆ ಕನ್ನಡದ ಕಿವಿಗೆ ಏನೂ ಕುಂದಿಲ್ಲ. ಅದನ್ನೇ ‘ಇಟ್ ರೇನ್ಡ್, ವಿ ಸ್ಟೇಡ್ ಹೋಮ್’ ಎಂದು ಬರೆದರೆ ಇಂಗ್ಲಿಷ್ ಮೇಷ್ಟ್ರು ಕೆಂಪು ಶಾಯಿ ಚೆಲ್ಲುತ್ತಾರೆ. ತಮ್ಮ ಕಾಲ ಮೇಲೆ ತಾವೇ ನಿಲ್ಲಬಲ್ಲ ಎರಡು ವಾಕ್ಯಗಳನ್ನು ಬರಿಯ ಕಾಮಾದಿಂದ ಕಟ್ಟುವುದು ಅಲ್ಲಿ ತಪ್ಪು. ಕಾಮಾದ ಬೆನ್ನಿಗೆ ‘ಸೋ’ ಸೇರಿಸಬಹುದು. ಆಗ ಎಲ್ಲವನ್ನೂ ಬಿಡಿಸಿ ಹೇಳಿದಂತಾಗುತ್ತದೆ. ಫುಲ್‌ಸ್ಟಾಪ್ ಇಡಬಹುದು, ಆಗ ಮಳೆಗೂ ಮನೆಗೂ ಮಾತು ಬಿಟ್ಟಂತಾಗುತ್ತದೆ. ಸೆಮಿಕೋಲನ್ ಇಟ್ಟು ನೋಡಿ. ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ, ನಂಟೇನೆಂಬುದನ್ನು ಓದುಗನೇ ಊಹಿಸುತ್ತಾನೆ. ಓದುಗನನ್ನು ಜಾಣನೆಂದು ನಂಬುವ ಈ ಚಿಹ್ನೆಯ ಮೇಲೆ ನನಗೆ ಅದಕ್ಕೇ ಹೆಚ್ಚು ಪ್ರೀತಿ. ಅದನ್ನು ಅಚ್ಚಿಗೆ ತಂದವನು 15ನೆಯ ಶತಮಾನದ ಕೊನೆಯಲ್ಲಿ ವೆನಿಸ್‌ನಲ್ಲಿದ್ದ ಮುದ್ರಕ ಆಲ್ಡಸ್ ಮನೂಟಿಯಸ್. ಪುಸ್ತಕ, ಪಿಯೆಟ್ರೊ ಬೆಂಬೊ ಎಟ್ನಾ ಜ್ವಾಲಾಮುಖಿ ಹತ್ತಿಬಂದ ಕಥನ. ಏದುಸಿರಿನ ಪುಸ್ತಕಕ್ಕೆ ತಕ್ಕ ವಿರಾಮ!

ಪಟ್ಟಿಗಳ ಸುಖವೇ ಬೇರೆ. ‘ಅಕ್ಕಿಯೂ ಬೇಳೆಯೂ ಬೆಲ್ಲವೂ’ ಎಂದಾಗ ನಮ್ಮ ‘ಊ’ ಎಲ್ಲವನ್ನೂ ಪೋಣಿಸಿಬಿಡುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ಕಾಮಾದ್ದು. ಕೊನೆಯ ‘ಆ್ಯಂಡ್’ಗೆ ಮುಂಚೆ ಅದು ಬೇಕೇ? ಆಕ್ಸ್‌ಫರ್ಡ್ ಮುದ್ರಣಾಲಯ ಬೇಕೆನ್ನುತ್ತದೆ, ಪತ್ರಿಕೆಗಳು ಹೆಚ್ಚಾಗಿ ಬಿಡುತ್ತವೆ. ಇದು ಬರೀ ಪಂಡಿತರ ಜಗಳವಲ್ಲ. ಅಮೆರಿಕದ ಮೇನ್ ರಾಜ್ಯದ ಕಾನೂನಿನಲ್ಲಿ ಓವರ್‌ಟೈಮ್ ಸಂಬಳ ಸಿಗದ ಕೆಲಸಗಳ ಪಟ್ಟಿಯಿತ್ತು. ಅದರ ಕೊನೆಯಲ್ಲಿ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಎಂದಿತ್ತು; ‘ಆರ್’ಗೆ ಮುಂಚೆ ಕಾಮಾ ಇರಲಿಲ್ಲ. ಹಂಚುವುದೇ ಬೇರೆ ಕೆಲಸವೋ, ಹಂಚುವುದಕ್ಕಾಗಿ ಪ್ಯಾಕ್ ಮಾಡುವುದು ಎಂದೋ? ಓಕ್‌ಹರ್ಸ್ಟ್ ಡೈರಿಯ ಹಾಲಿನ ಲಾರಿ ಚಾಲಕರು ಹಂಚುತ್ತಿದ್ದರು, ಪ್ಯಾಕ್ ಮಾಡುತ್ತಿರಲಿಲ್ಲ. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು.

ಪಟ್ಟಿಯೊಳಗೆ ‘ಮೈಸೂರು, ಕರ್ನಾಟಕ, ಮಧುರೈ, ತಮಿಳುನಾಡು’ ಎಂಬಂಥ ಜೋಡಿಗಳು ಬಂದಾಗ ಮಾತ್ರ ಸೆಮಿಕೋಲನ್ನೇ ಗತಿ, ಇಲ್ಲದಿದ್ದರೆ ಎರಡು ಊರು ನಾಲ್ಕಾಗುತ್ತವೆ.

ನಿಯಮಗಳ ದಪ್ಪ ಪುಸ್ತಕ ನಿಮಗೆ ಬೇಡ. ಇಂಗ್ಲಿಷಿನಲ್ಲಿ ಬರೆದದ್ದನ್ನು ಕಳಿಸುವ ಮೊದಲು ಕಾಮಾದ ಎಡಕ್ಕಿರುವುದನ್ನೂ ಬಲಕ್ಕಿರುವುದನ್ನೂ ಬೇರೆಬೇರೆಯಾಗಿ ಓದಿ. ಎರಡೂ ಪೂರ್ತಿ ವಾಕ್ಯಗಳಾಗಿದ್ದು ನಡುವೆ ‘ಆ್ಯಂಡ್’, ‘ಬಟ್’, ‘ಸೋ’ಗಳಂಥ ಪದ ಇಲ್ಲದಿದ್ದರೆ, ಕಾಮಾದ ತಲೆಯ ಮೇಲೊಂದು ಚುಕ್ಕಿ ಇಡಿ.