ಬಂಡೆಯ ಮೇಲಿನ ದೀಪ

ಮಂಗಳೂರಿನ ಉರ್ವದಿಂದ ಪಡುವಣಕ್ಕೆ ಇಳಿದರೆ ಬೋಳೂರು. ಬೋಳೂರಿನ ಅಂಚಿಗೆ ಗುರುಪುರ ಹೊಳೆ. ಹೊಳೆಯ ಆಚೆ ತಣ್ಣೀರುಬಾವಿಯ ಮರಳ ದಂಡೆ. ಅದರಾಚೆ ಕೊನೆ ಕಾಣದ ಕಡಲು. ಹೊಳೆಯ ದಡದಲ್ಲಿ ಟಿಪ್ಪೂ ಸುಲ್ತಾನನು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯು ಇಂದಿಗೂ ನಿಂತಿದೆ. ಅದು ಕಡಲಿನಿಂದ ಬರುವವರನ್ನು ಶಂಕೆಯಿಂದ ನೋಡಲು ಕಟ್ಟಿದ ಕಾವಲು ಬುರುಜು. ಅದೇ ಕರಾವಳಿಯಲ್ಲಿ ಮುಂದೆ ಬೇರೊಂದು ಬಗೆಯ ಗೋಪುರಗಳು ಎದ್ದವು. ಅವೂ ಕಡಲನ್ನೇ ನೋಡುತ್ತವೆ. ಆದರೆ ಬರುವವನು ಯಾರೆಂದು ಕೇಳುವುದಿಲ್ಲ. ಅವೇ ದೀಪಸ್ತಂಭಗಳು.

ಕಡಲನ್ನು ಅರಿಯದವರಿಗೆ ನಡುಗಡಲೇ ಭಯಂಕರವೆಂದು ತೋರುವುದು. ನಾವಿಕನಿಗೆ ಹಾಗಲ್ಲ, ಆತನು ಹೆಚ್ಚಾಗಿ ಅಂಜುವುದು ದಡದ ಸಮೀಪಕ್ಕೆ. ಕಾರವಾರದ ಮುಂದೆ ಅಂಜದೀವ, ಕೂರ್ಮಗಡ, ದೇವಗಡ. ಮುರುಡೇಶ್ವರದ ಎದುರಿಗೆ ನೇತ್ರಾಣಿ. ಮಲ್ಪೆಯ ಆಚೆ ಸೇಂಟ್ ಮೇರಿ ದ್ವೀಪಗಳು. ಹೀಗೆ ಕನ್ನಡ ಕರಾವಳಿಯ ಉದ್ದಕ್ಕೂ ಬಂಡೆಗಳು ತಲೆಯೆತ್ತಿವೆ. ತಲೆಯೆತ್ತದೆ ನೀರಿನಡಿಯಲ್ಲಿ ಅಡಗಿರುವವು ಇನ್ನೂ ಕ್ರೂರವಾದುವು. ಹೊಳೆಗಳು ಕಡಲನ್ನು ಕೂಡುವ ಅಳಿವೆಗಳಲ್ಲಿ ಮರಳಿನ ದಿಬ್ಬಗಳು ಮಳೆಗಾಲ ಕಳೆದಂತೆಲ್ಲ ಜಾಗ ಬದಲಿಸುತ್ತವೆ. ಹಾಯಿಯನ್ನೇ ನಂಬಿದ್ದ ಪತ್ತೆಮಾರಿ, ಮಚ್ವೆಗಳು ಹಗಲಿನಲ್ಲಿ ಗುಡ್ಡಗಳ ಗುರುತು ಹಿಡಿದು ಸಾಗುತ್ತಿದ್ದವು. ಇರುಳಾದೊಡನೆ ಆ ಗುರುತುಗಳೆಲ್ಲ ಅಳಿಸಿಹೋಗುತ್ತಿದ್ದವು.

ಈ ಬಂಡೆಗಳನ್ನೆಲ್ಲ ಒಡೆದು ತೆಗೆಯುವುದು ಸಾಧ್ಯವಿರಲಿಲ್ಲ. ಮನುಷ್ಯನು ಬೇರೊಂದು ಉಪಾಯವನ್ನು ಕಂಡುಕೊಂಡನು: ಯಾವ ಬಂಡೆಯು ಹಡಗನ್ನು ಒಡೆಯಬಲ್ಲದೋ ಅದರ ನೆತ್ತಿಯ ಮೇಲೆಯೇ ದೀಪವನ್ನಿಟ್ಟನು. 1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದಲ್ಲಿ ಹಡಗಿಗೇರಿಸಬೇಕೆಂಬ ಹಂಬಲ ಆಗ ವರ್ತಕರಲ್ಲಿ ಬಲವಾಗಿತ್ತು. ಆ ಬಂದರಿಗೆ ಬರುವ ನೌಕೆಗಳಿಗೆ ದಾರಿ ತೋರಲು 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪ ಬೆಳಗಿತು. ಇಂಗ್ಲಿಷರ ನಕಾಶೆಯಲ್ಲಿ ಆ ದ್ವೀಪದ ಹೆಸರು ಆಯ್‌ಸ್ಟರ್ ರಾಕ್.

ಉಡುಪಿಯ ತೆಂಕಣದಲ್ಲಿರುವ ಕಾಪುವಿನ ಕಡಲತಡಿಯ ಬಂಡೆಯ ಮೇಲೆ 1901ರಲ್ಲಿ ಸುಮಾರು 27 ಮೀಟರ್ ಎತ್ತರದ ಸ್ತಂಭವು ಎದ್ದಿತು. ಅಷ್ಟು ಎತ್ತರವೇಕೆ? ಭೂಮಿಯು ಗುಂಡಾಗಿರುವುದರಿಂದ ದೂರದ ಬೆಳಕು ಕಡಲಿನ ಬಾಗಿನ ಮರೆಗೆ ಸರಿಯುತ್ತದೆ. ನೀರಿನಿಂದ 2 ಮೀಟರ್ ಮೇಲಿರುವ ಕಣ್ಣಿಗೆ ದಿಗಂತವು ಸುಮಾರು 5 ಕಿಲೋಮೀಟರ್ ದೂರದಲ್ಲಿ ಮುಗಿಯುತ್ತದೆ. 30 ಮೀಟರ್ ಎತ್ತರಕ್ಕೆ ಏರಿದರೆ ಅದೇ ದಿಗಂತವು ಸುಮಾರು 20 ಕಿಲೋಮೀಟರಿಗೆ ಸರಿಯುತ್ತದೆ. ದೀಪವು ಮೇಲೇರಿದಷ್ಟೂ ನಾವಿಕನಿಗೆ ಎಚ್ಚರಿಕೆಯು ಮೊದಲೇ ದೊರೆಯುತ್ತದೆ.

ಮಂಗಳೂರಿನ ಹಳೆಯ ಬಂದರು ಅಳಿವೆಯ ಒಳಗಿನದು. ದೊಡ್ಡ ಹಡಗುಗಳು ಹೊರಗಡಲಿನಲ್ಲಿಯೇ ಲಂಗರು ಹಾಕಬೇಕಾಗಿತ್ತು. ಹಂಚು, ಕಾಫಿ ಮೊದಲಾದ ಸರಕುಗಳು ಸಣ್ಣ ದೋಣಿಗಳಲ್ಲಿ ಅವುಗಳ ಬಳಿಗೆ ಹೋಗುತ್ತಿದ್ದವು. ಅಂದು ನಗರದ ನಡುವಿನ ಬಾವುಟಗುಡ್ಡೆಯ ಮೇಲೆ ದೀಪವಿತ್ತು. ಆ ಗುಡ್ಡೆಯನ್ನು ಜನರು ಇಂದಿಗೂ ಲೈಟ್‌ಹೌಸ್ ಹಿಲ್ ಎಂದೇ ಕರೆಯುತ್ತಾರೆ. ಪಣಂಬೂರಿನಲ್ಲಿ ಹೊಸ ಬಂದರು ರೂಪುಗೊಳ್ಳುತ್ತಿದ್ದ ಕಾಲದಲ್ಲಿ, 1972ರಲ್ಲಿ, ಅದರ ಬಡಗಣದ ಸುರತ್ಕಲ್ಲಿನಲ್ಲಿ ಹೊಸ ದೀಪಸ್ತಂಭವು ಬೆಳಗಿತು. ಹಡಗುಗಳು ದಾರಿ ಬದಲಿಸಿದಾಗ ದೀಪವೂ ಅವುಗಳನ್ನು ಹಿಂಬಾಲಿಸಿತು.

ಹಳೆಯ ಕಾಲದ ದೀಪಸ್ತಂಭದಲ್ಲಿ ಉರಿಯುತ್ತಿದ್ದುದು ಎಣ್ಣೆಯ ದೀಪವೇ. ಸುತ್ತಲೂ ಚೆದುರಿಹೋಗುವ ಅದರ ಕಿರಣಗಳನ್ನು ಒಂದೇ ದಿಕ್ಕಿಗೆ ಬಾಗಿಸುವ ಗಾಜಿನ ಪಟ್ಟಕಗಳ ಮಸೂರವನ್ನು ಫ್ರಾನ್ಸಿನ ಫ್ರೆನೆಲ್ ಎಂಬ ವಿಜ್ಞಾನಿಯು 1820ರ ದಶಕದಲ್ಲಿ ರೂಪಿಸಿದನು. ಮಸೂರವನ್ನು ತಿರುಗಿಸಲು ಗಡಿಯಾರದಂತಹ ಯಂತ್ರವಿರುತ್ತಿತ್ತು. ಅದರ ತೂಕದ ಗುಂಡು ಕೆಳಗಿಳಿದಾಗಲೆಲ್ಲ ಕಾವಲುಗಾರನು ಅದನ್ನು ಕೈಯಿಂದ ಮೇಲಕ್ಕೆ ಸುತ್ತಬೇಕಾಗಿತ್ತು. ಬತ್ತಿಯನ್ನು ಕತ್ತರಿಸುವುದು, ಮಸಿ ಹಿಡಿದ ಗಾಜನ್ನು ಒರೆಸುವುದು, ಎಣ್ಣೆಯನ್ನು ಹೊತ್ತು ಮೆಟ್ಟಿಲೇರುವುದು ಆತನ ನಿತ್ಯದ ಕೆಲಸ. ತನ್ನ ಬೆಳಕಿನಿಂದ ಉಳಿದ ಹಡಗು ಯಾವುದೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಉಳಿದವರಿಗೆ ಅವನ ಹೆಸರು ತಿಳಿಯುತ್ತಿರಲಿಲ್ಲ. ಆದರೂ ಒಂದು ಗಳಿಗೆಯೂ ಕಣ್ಣು ಮುಚ್ಚದೆ ಅವನು ಇರುಳನ್ನು ಕಳೆಯುತ್ತಿದ್ದನು.

ಸ್ವೀಡನ್ ದೇಶದ ಗುಸ್ತಾಫ್ ಡಾಲೆನ್ ಇಂತಹ ಕಾವಲುಗಾರರ ಹೊರೆಯನ್ನು ಇಳಿಸಿದವನು. ಬಿಸಿಲು ಬಿದ್ದೊಡನೆ ತಾನಾಗಿಯೇ ಅನಿಲವನ್ನು ತಡೆದು ದೀಪವನ್ನು ನಂದಿಸುವ, ಕತ್ತಲಾದೊಡನೆ ಮತ್ತೆ ಬೆಳಗಿಸುವ ಕವಾಟವನ್ನು ಅವನು ನಿರ್ಮಿಸಿದನು. ಮನುಷ್ಯರು ನಿತ್ಯ ವಾಸಿಸಲಾಗದ ಒಂಟಿ ಬಂಡೆಗಳ ಮೇಲೆಯೂ ದೀಪವಿಡುವುದು ಇದರಿಂದ ಸುಲಭವಾಯಿತು. 1912ರಲ್ಲಿ ಪ್ರಯೋಗ ನಡೆಸುತ್ತಿದ್ದಾಗ ಅನಿಲವು ಸಿಡಿದು ಅವನ ಎರಡು ಕಣ್ಣುಗಳೂ ಹೋದವು. ಅದೇ ವರ್ಷ ಅವನಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಬಂದಿತು. ಅವನ ಪರವಾಗಿ ಅದನ್ನು ಸ್ವೀಕರಿಸಿದವನು ಅವನ ಸೋದರ. ಡಾಲೆನ್ ಕೆಲಸವನ್ನು ಬಿಡಲಿಲ್ಲ. 1937ರಲ್ಲಿ ತೀರಿಕೊಳ್ಳುವವರೆಗೂ, ತಾನು ಕಾಣಲಾರದ ಬೆಳಕಿಗಾಗಿ ದುಡಿದನು.

ಇಂದು ಹಡಗುಗಳಿಗೆ ಉಪಗ್ರಹಗಳೇ ದಾರಿ ಹೇಳುತ್ತವೆ. 1927ರ ದೀಪಸ್ತಂಭ ಕಾಯಿದೆಯ ಬದಲಿಗೆ 2021ರಲ್ಲಿ ಬಂದ ಹೊಸ ಕಾಯಿದೆಯು ರೇಡಿಯೋ ಮತ್ತಿತರ ನೌಕಾ ನೆರವುಗಳನ್ನೂ ತನ್ನ ಹೆಸರಿನೊಳಗೆ ಸೇರಿಸಿಕೊಂಡಿದೆ. ಆದರೆ ಉಪಕರಣಗಳು ಬೆಳೆದ ಮಾತ್ರಕ್ಕೆ ಕಡಲು ಸೌಮ್ಯವಾಗಲಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ದೋಣಿಯು ಏಳು ಮಂದಿ ಮೀನುಗಾರರೊಡನೆ ಕಾಣೆಯಾಯಿತು. ಅದರ ಅವಶೇಷವು ಮಹಾರಾಷ್ಟ್ರದ ಕಡಲಿನಲ್ಲಿ ದೊರೆತುದು 2019ರ ಮೇ ತಿಂಗಳಿನಲ್ಲಿ. ಕಡಲಿಗಿಳಿದವನಿಗೆ ಒಂದೇ ನೆರವು ಸಾಕೆಂದು ಹೇಳುವಂತಿಲ್ಲ. ಉಪಕರಣ ಕೆಟ್ಟಾಗಲೂ ಕಣ್ಣಿಗೆ ಕಾಣುವ ಗುರುತೊಂದು ದಡದಲ್ಲಿ ಇರಬೇಕು.

ಒಂದೊಂದು ದೀಪಸ್ತಂಭಕ್ಕೂ ತನ್ನದೇ ಆದ ಮಿನುಗಿನ ಲೆಕ್ಕವಿದೆ. ಪಕ್ಕದ ದೀಪದ ಲೆಕ್ಕ ಬೇರೆ. ನಾವಿಕನು ಮಿನುಗುಗಳನ್ನೂ ಅವುಗಳ ನಡುವಿನ ಕತ್ತಲೆಯನ್ನೂ ಎಣಿಸಿ ಎದುರಿಗಿರುವ ದಡ ಯಾವುದೆಂದು ಅರಿಯುತ್ತಾನೆ. ಉರ್ವದ ಮಾರಿಗುಡಿಗೆ ಕೈಮುಗಿದು ಕಡಲಿಗಿಳಿದ ಮೊಗವೀರನು ತಡರಾತ್ರಿ ಹಿಂದಿರುಗುವಾಗ, ಬಡಗಣದಲ್ಲಿ ಸುರತ್ಕಲ್ಲಿನ ದೀಪವು ತನ್ನ ಲೆಕ್ಕವನ್ನು ತಪ್ಪದೆ ಒಪ್ಪಿಸುತ್ತಿರುತ್ತದೆ. ಆ ದೀಪವು ಹತ್ತಿರ ಬಾ ಎಂದು ಕರೆಯುವುದಿಲ್ಲ. ಇಲ್ಲಿ ನೆಲವಿದೆ, ಎಚ್ಚರದಿಂದ ಸಾಗು ಎನ್ನುತ್ತದೆ. ಅಷ್ಟು ತಿಳಿದರೆ, ಮನೆಯ ದಾರಿಯನ್ನು ಅವನೇ ಕಂಡುಕೊಳ್ಳುತ್ತಾನೆ.