ಕ್ಯಾಮ್ಡೆನ್‌ನಲ್ಲಿ ಇಳೀಬೇಡ

"ಕ್ಯಾಮ್ಡೆನ್‌ನಲ್ಲಿ ಮಾತ್ರ ಇಳೀಬೇಡ." ಫಿಲಡೆಲ್ಫಿಯಾ ಆಫೀಸಿಗೆ ಸೇರಿದ ಮೊದಲ ವಾರವೇ ನನಗೆ ಸಿಕ್ಕ ಬುದ್ಧಿಮಾತು ಇದು. ನಾನಿರೋದು ನ್ಯೂಜೆರ್ಸಿಯ ಕಾಲಿಂಗ್ಸ್‌ವುಡ್‌ನಲ್ಲಿ. ಬೆಳಗ್ಗೆ ಪ್ಯಾಟ್ಕೋ ರೈಲು ಹತ್ತಿದರೆ ಫೆರ್ರಿ ಅವೆನ್ಯೂ, ಬ್ರಾಡ್‌ವೇ, ಸಿಟಿ ಹಾಲ್ ನಿಲ್ದಾಣಗಳು ಬರುತ್ತವೆ. ಮೂರೂ ಕ್ಯಾಮ್ಡೆನ್‌ನವೇ. ಆಮೇಲೆ ಬೆಂಜಮಿನ್ ಫ್ರಾಂಕ್ಲಿನ್ ಸೇತುವೆ, ಕೆಳಗೆ ಡೆಲಾವೇರ್ ನದಿ, ಆಚೆ ದಡದಲ್ಲಿ ಆಫೀಸು. ಬ್ರಾಡ್‌ವೇಯಲ್ಲಿ ಬಾಗಿಲು ತೆರೆದ ತಕ್ಷಣ ಲ್ಯಾಪ್‌ಟಾಪ್ ಬ್ಯಾಗನ್ನು ಎದೆಗೆ ಅವಚಿಕೊಳ್ಳೋದು ಎರಡು ವರ್ಷ ನನ್ನ ಅಭ್ಯಾಸವಾಗಿತ್ತು. ಅಲ್ಲಿ ಯಾರೂ ನನಗೆ ಏನೂ ಮಾಡಿರಲಿಲ್ಲ.

ಒಂದು ಭಾನುವಾರ ಚಾಮರಾಜನಗರದಿಂದ ಅಮ್ಮನ ಫೋನ್ ಬಂತು. ಯೂಟ್ಯೂಬ್‌ನಲ್ಲಿ ಯಾವುದೋ ವಿಡಿಯೋ ನೋಡಿದ್ದಳು. "ಅಮೆರಿಕದಲ್ಲೇ ಡೇಂಜರ್ ಊರಂತಲ್ಲೇ ಅದು? ದಿನಾ ಅದರೊಳಗೇ ಓಡಾಡ್ತಿಯಂತೆ! ನಂಗ್ಯಾಕೆ ಹೇಳಲಿಲ್ಲ?"

ನನ್ನ ಕೆಲಸ ಡೇಟಾ ಎಂಜಿನಿಯರಿಂಗ್. ಅಮ್ಮನ ಭಯಕ್ಕೆ ಅಂಕಿಅಂಶದಲ್ಲೇ ಉತ್ತರ ಕೊಡ್ತೀನಿ ಅಂತ ಕೂತೆ. ದರೋಡೆ, ಹಲ್ಲೆಗಳ ಲೆಕ್ಕ ಜನ ದೂರು ಕೊಡೋದರ ಮೇಲೆ, ಪೊಲೀಸರು ಬರೆದುಕೊಳ್ಳೋದರ ಮೇಲೆ ನಿಂತಿರುತ್ತೆ. ಹೆಣವನ್ನು ಮುಚ್ಚಿಡೋದು ಕಷ್ಟ. ಹಾಗಾಗಿ ಕೊಲೆಗಳ ಸಂಖ್ಯೆಯನ್ನೇ ತಗೊಂಡೆ. 2012ರಲ್ಲಿ 67. ಊರಿನ ಇತಿಹಾಸದಲ್ಲೇ ಆವರೆಗೆ ಅಷ್ಟಾಗಿರಲಿಲ್ಲ. 2014ಕ್ಕೆ 33, 2016ರಲ್ಲಿ ಮತ್ತೆ 44, ಮರುವರ್ಷ ಅದರ ಅರ್ಧದಷ್ಟು. 2024ರಲ್ಲಿ 17.

33ರಿಂದ 44 ಆದಾಗ "ಕೊಲೆ ಮೂರನೇ ಒಂದರಷ್ಟು ಏರಿಕೆ" ಅಂತ ಹೆಡ್‌ಲೈನ್ ಬರೆಯಬಹುದು. ಆದರೆ ಇಷ್ಟು ಚಿಕ್ಕ ಊರಲ್ಲಿ ಎರಡು ಗುಂಪುಗಳ ಒಂದು ಜಗಳ ಸಾಕು, ಪರ್ಸೆಂಟೇಜ್ ಕುಣಿದಾಡಿಬಿಡುತ್ತೆ. ಒಂದೆರಡು ವರ್ಷ ನೋಡಿ ಏನೂ ಹೇಳೋಕಾಗಲ್ಲ, ಹತ್ತು ವರ್ಷ ನೋಡಬೇಕು. ಹತ್ತು ವರ್ಷದ ಗೆರೆ ಇಳಿದಿತ್ತು.

ಅಮ್ಮನಿಗೆ ಇದನ್ನೆಲ್ಲ ವಿವರಿಸಿ, ಸುಲಭವಾಗ್ಲಿ ಅಂತ "ಕ್ಯಾಮ್ಡೆನ್ ಅಂದ್ರೆ ನಮ್ಮೂರಷ್ಟೇ ಅಮ್ಮ, ಎಪ್ಪತ್ತು ಸಾವಿರ ಚಿಲ್ಲರೆ ಜನ" ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಮ್ಮೂರಲ್ಲಿ ಒಂದೇ ವರ್ಷಕ್ಕೆ 67 ಕೊಲೆ ಆದ್ರೆ, ಸತ್ತೋರಲ್ಲಿ ಒಬ್ಬರಾದ್ರೂ ಗೊತ್ತಿಲ್ಲದ ಮನೆ ಇರ್ತದೇನೇ?"

ನನ್ನ ಚಾರ್ಟ್‌ನಲ್ಲಿ ಈ ಕಾಲಂ ಇರಲಿಲ್ಲ.

ಮರುದಿನ ಸಂಜೆ ಆಫೀಸ್‌ನಲ್ಲಿ ಅದೇ ಚಾರ್ಟ್ ತೆಗೆದು ಕೂತಿದ್ದೆ. ಹೌಸ್‌ಕೀಪಿಂಗ್‌ನ ಆಂಟಿ ಕಸದ ಬುಟ್ಟಿ ಖಾಲಿ ಮಾಡೋಕೆ ಬಂದರು. ಹೆಸರು ಬರೆಯಲ್ಲ. ವಯಸ್ಸು ಐವತ್ತೈದರ ಆಸುಪಾಸು. ಕ್ಯಾಮ್ಡೆನ್‌ನವರು ಅಂತ ಗೊತ್ತಿತ್ತು, ಅಷ್ಟೇ. "ನೋಡಿ, ನಿಮ್ಮೂರು ಎಷ್ಟು ಸುಧಾರಿಸಿದೆ" ಅಂತ ಸ್ಕ್ರೀನ್ ತಿರುಗಿಸಿದೆ. ಒಳ್ಳೇ ಸುದ್ದಿ ಕೊಡ್ತಿದೀನಿ ಅನ್ನೋ ಹುಮ್ಮಸ್ಸು ಬೇರೆ.

ಅವರು ಗ್ಲೌಸ್ ತೆಗೆದು, 2012ರ ಉದ್ದನೆಯ ಕಂಬದ ಮೇಲೆ ಬೆರಳಿಟ್ಟರು. "ಇದರೊಳಗೆ ನನ್ನ ತಂಗಿ ಮಗ ಇದಾನೆ."

ಏನು ಹೇಳಬೇಕೋ ತೋಚಲಿಲ್ಲ. ಸಾರಿ ಅಂದೆ. ಅವರೇ ಮಾತು ಮುಂದುವರಿಸಿದರು. ಆ ವರ್ಷ ಸಿಟಿ ಹಾಲ್ ಎದುರು ಸತ್ತೋರಿಗಾಗಿ ಶಿಲುಬೆಗಳನ್ನ ನೆಟ್ಟಿದ್ದರಂತೆ. ತಂಗಿ ದಿನಾ ಹೋಗಿ ಮಗನದನ್ನ ಒರೆಸಿ ಬರ್ತಿದ್ದಳಂತೆ. ನನ್ನ ರೈಲು ದಿನಾ ನಿಲ್ಲೋ ಜಾಗ ಅದು.

ಅವರ ಅಪ್ಪ ಕ್ಯಾಂಪ್‌ಬೆಲ್ ಸೂಪ್ ಫ್ಯಾಕ್ಟರಿಯಲ್ಲಿ ಇದ್ದವರು. ಕ್ಯಾಮ್ಡೆನ್ ಹಿಂದೆ ಕೆಲಸ ಹುಡುಕಿಕೊಂಡು ಜನ ಬರುತ್ತಿದ್ದ ಊರು. ಹಡಗು ಕಟ್ಟುವ ಯಾರ್ಡ್ 1967ರಲ್ಲಿ ಮುಚ್ಚಿತು. ಸೂಪ್ ತಯಾರಿಕೆ 1990ರಲ್ಲಿ ನಿಂತಿತು, ಕಂಪನಿಯ ಮುಖ್ಯ ಕಚೇರಿ ಮಾತ್ರ ಉಳಿಯಿತು. 2011ರ ಜನವರಿಯಲ್ಲಿ ದುಡ್ಡಿಲ್ಲ ಅಂತ ನಗರಾಡಳಿತ ಹೆಚ್ಚುಕಡಿಮೆ ಅರ್ಧದಷ್ಟು ಪೊಲೀಸರನ್ನೇ ಮನೆಗೆ ಕಳಿಸಿತು. "ಗುಂಡಿನ ಸದ್ದು ಕೇಳಿ ಫೋನ್ ಮಾಡಿದ್ರೆ, ಬರೋರು ಯಾರು?" ಅಂದರು ಆಂಟಿ.

2013ರಲ್ಲಿ ಊರಿನ ಪೊಲೀಸ್ ಇಲಾಖೆಯನ್ನೇ ವಿಸರ್ಜಿಸಿ, ಕೌಂಟಿ ಮಟ್ಟದ ಹೊಸ ಪಡೆ ಕಟ್ಟಿದರು. ಇಂಟರ್ನೆಟ್‌ನಲ್ಲಿ ಕೆಲವರು ಇದನ್ನು "ಪೊಲೀಸರನ್ನ ತೆಗೆದರು, ಅಪರಾಧ ಇಳೀತು" ಅಂತ ಹೇಳ್ತಾರೆ. ಹಾಗಲ್ಲ. ಹಳೇ ಒಪ್ಪಂದಗಳು ಹೋದವು, ಒಬ್ಬೊಬ್ಬರಿಗೆ ತಗಲುವ ಖರ್ಚು ಇಳಿಯಿತು, ಅದೇ ದುಡ್ಡಲ್ಲಿ ಜಾಸ್ತಿ ಪೊಲೀಸರು ಬಂದರು. ಕಾರಿಂದ ಇಳಿದು ಬೀದಿಯಲ್ಲಿ ನಡೆದಾಡಿದರು. ಮೊದಮೊದಲು ಸೈಕಲ್‌ಗೆ ಬೆಲ್ ಇಲ್ಲ ಅಂತೆಲ್ಲ ನೋಟಿಸ್ ಕೊಟ್ಟು ಕಾಟ ಕೊಟ್ಟಿದ್ದೂ ಇದೆ. ಆಂಟಿಯ ಮಗನೂ ಅದರಲ್ಲಿ ಸಿಕ್ಕಿಹಾಕಿಕೊಂಡಿದ್ದ. ಟೀಕೆ ಬಂದಮೇಲೆ ದಾರಿ ಬದಲಾಯಿತು. ಬಲಪ್ರಯೋಗಕ್ಕೆ ಬಿಗಿಯಾದ ನಿಯಮ ಬಂದಿದ್ದು 2019ರಲ್ಲಿ. ಈ ಇಳಿಕೆಗೆ ಎಷ್ಟು ಪಾಲು ಪೊಲೀಸರದ್ದು, ಎಷ್ಟು ಊರಿನವರದ್ದು, ಎಷ್ಟು ಇಡೀ ದೇಶದ ಗಾಳಿಯದ್ದು ಅಂತ ಬಿಡಿಸಿ ಹೇಳೋ ಧೈರ್ಯ ನನಗಿಲ್ಲ. ಹೇಳೋರನ್ನ ಕಂಡರೆ ನನಗೆ ಅನುಮಾನ.

17 ಅನ್ನೋದೂ ಸಣ್ಣ ಸಂಖ್ಯೆಯಲ್ಲ. ಲಕ್ಷಕ್ಕೆ ಲೆಕ್ಕ ಹಾಕಿದರೆ ಅಮೆರಿಕದ ಸರಾಸರಿಯ ನಾಲ್ಕು ಪಟ್ಟಿಗೂ ಜಾಸ್ತಿ. ಇದನ್ನ ಅಮ್ಮನಿಗೆ ಹೇಳದೆ ನುಂಗಿಕೊಂಡಿದ್ದೆ. ಆಮೇಲೆ ಹೇಳಿದೆ.

ಆಂಟಿ ಆ ಚಾರ್ಟ್‌ನ ಪ್ರಿಂಟ್ ಕೇಳಿದರು, ತಂಗಿಗೆ ಕೊಡೋಕೆ. "ಚಿಕ್ಕ ಕಂಬಗಳನ್ನ ಅವಳು ನೋಡ್ಲಿ" ಅಂದರು. ಕೊಡೋ ಮುಂಚೆ ಕಂಬಗಳ ಮೇಲಿದ್ದ "ಕೇಸ್‌ಗಳು" ಅನ್ನೋ ಲೇಬಲ್ ಅಳಿಸಿ "ಜನ" ಅಂತ ಮಾಡಿದೆ.

ಮುಂದಿನ ತಿಂಗಳು ಅವರ ಜೊತೆ ಸಿಟಿ ಹಾಲ್‌ನಲ್ಲಿ ಇಳಿದೆ. ಶಿಲುಬೆಗಳು ಈಗಿಲ್ಲ. ಮಧ್ಯಾಹ್ನದ ಬಿಸಿಲು, ಬಸ್ಸಿಗೆ ಕಾಯ್ತಿರೋ ಜನ, ಯೂನಿವರ್ಸಿಟಿ ಹುಡುಗರು. ಅವರ ತಂಗಿ ಮನೆಯಲ್ಲಿ ಕಾಫಿ ಕೊಟ್ಟರು, ನಮ್ಮ ಬಾಯಿಗೆ ಸಪ್ಪೆ. ಗೋಡೆ ಮೇಲೆ ಒಬ್ಬ ಹುಡುಗನ ಫೋಟೋ, ಅದರ ಪಕ್ಕದಲ್ಲೇ ಟೇಪ್ ಅಂಟಿಸಿದ ನನ್ನ ಚಾರ್ಟ್.

ಭಾನುವಾರದ ಫೋನ್ ಈಗಲೂ ಬರುತ್ತೆ. "ಹುಷಾರು ಕಣೇ" ಅನ್ನೋದನ್ನ ಅಮ್ಮ ಬಿಟ್ಟಿಲ್ಲ. ಆದರೆ ಅದಕ್ಕೂ ಮುಂಚೆ ಕೇಳ್ತಾಳೆ, "ಆ ಹುಡುಗನ ತಾಯಿ ಹೆಂಗಿದಾರೆ?"