ನೇರಳೆ ಮಾರ್ಗದಲ್ಲಿ ಒಂದು ಸಂಜೆ

2011ರಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗಷ್ಟೇ ಓಡುತ್ತಿದ್ದ ಬೆಂಗಳೂರಿನ ಮೆಟ್ರೋ, 2023ರ ಅಕ್ಟೋಬರಿನಿಂದ ವೈಟ್‌ಫೀಲ್ಡ್–ಚಲ್ಲಘಟ್ಟಗಳ ನಡುವಣ 43 ಕಿಲೋಮೀಟರನ್ನೂ ಕ್ರಮಿಸುತ್ತಿದೆ. ನಂಟರ ಮನೆಯಿಂದ ಮರಳುತ್ತ ಮೊನ್ನೆ ಸಂಜೆ ನಾನು ಕುಂದಲಹಳ್ಳಿಯಲ್ಲಿ ಗಾಡಿ ಹತ್ತಿದೆ. ಎದುರಿಗೇ ನನ್ನ ವಿದ್ಯಾರ್ಥಿನಿ! ಮೂರು ವಾರಗಳಿಂದ ಹಾಜರಿಪುಸ್ತಕದಲ್ಲಿ ನಾನು ಗೈರುಹಾಜರಿ ಗುರುತಿಸುತ್ತಿರುವ ಹುಡುಗಿ.

"ಕೂತುಕೊಳ್ಳಿ ಸಾರ್" ಎಂದು ಎದ್ದಳು. ನಾನು ಒಪ್ಪಲಿಲ್ಲ.

ಬೆಳಗ್ಗೆ ಎಂಟಕ್ಕೆ ತರಗತಿ. ಮಧ್ಯಾಹ್ನ ವೈಟ್‌ಫೀಲ್ಡಿನ ಕಚೇರಿಯೊಂದರಲ್ಲಿ ಸಂಬಳವಿಲ್ಲದ ಇಂಟರ್ನ್‌ಷಿಪ್. ರಾತ್ರಿ ಕೆಂಗೇರಿಯಲ್ಲಿ ನೆರೆಮನೆಯ ಮಕ್ಕಳಿಗೆ ಪಾಠ. ಅದರಿಂದ ಬರುವ ಹಣವೇ ಓಡಾಟದ ಖರ್ಚಿಗೆ. ಕಚೇರಿಗೆ ಹೊತ್ತಾಗುವುದೆಂದು ಬಿಟ್ಟುಹೋಗುವ ಕೊನೆಯ ಪಾಠ ನನ್ನದು.

"ಊಟ?"

"ಮೆಟ್ರೋದಲ್ಲಿ ತಿನ್ನುವ ಹಾಗಿಲ್ಲವಲ್ಲ ಸಾರ್." ಡಬ್ಬಿಯನ್ನು ಮನೆಯ ಹತ್ತಿರ ಇಳಿದ ಮೇಲೆಯೇ ತೆರೆಯುವಳಂತೆ, ಇಲ್ಲವಾದರೆ ಅಮ್ಮನಿಗೆ ತಿಳಿದುಬಿಡುತ್ತದೆ!

ಶೇಕಡಾ 75 ಹಾಜರಿ ಇಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ. ಅವಳು ಅದನ್ನು ಕೇಳಲಿಲ್ಲ, ನಾನೂ ಆಡಲಿಲ್ಲ.

ಮಹಾತ್ಮ ಗಾಂಧಿ ರಸ್ತೆ ದಾಟಿ ಗಾಡಿ ನೆಲದೊಳಗಿಳಿಯಿತು. ಕಿಟಕಿಗಳು ಕಪ್ಪಾದವು. ಅಷ್ಟರಲ್ಲಿ ತೆರೆದ ಟಿಪ್ಪಣಿಯ ಮೇಲೆ ತಲೆಯಿಟ್ಟು ಅವಳು ನಿದ್ರೆಹೋಗಿದ್ದಳು. ಮೆಜೆಸ್ಟಿಕ್ ಬಂದಿತು. ಪಕ್ಕದಲ್ಲಿದ್ದ ಹೆಂಗಸಿಗೆ, "ಕೆಂಗೇರಿಯಲ್ಲಿ ಎಬ್ಬಿಸಿಬಿಡಿ ತಾಯಿ" ಎಂದು ಹೇಳಿ ಇಳಿದೆ.